ಅಲೆಯಿಂದ ಅಲೆದಾಟಕ್ಕೆ: ‘ವಾಕ್’ ಎಂಬ ಮಾತು ಬಂದ ದಾರಿ

ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ‘ವಾಕ್’ ಮಾಡುತ್ತಿದ್ದದ್ದು ಮನುಷ್ಯರಲ್ಲ, ಸಮುದ್ರ. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ರೂಪ ‘ವೆಯಲ್ಕನ್’. ಹೊರಳು, ಉರುಳು, ಅತ್ತಿಂದಿತ್ತ ತೂಗಾಡು ಎಂಬುದು ಅದರ ಅರ್ಥ. ಅದರಿಂದ ಹುಟ್ಟಿದ ‘ಯೆವೆಯಲ್ಕ್’ ಎಂಬ ನಾಮಪದ ಬೇವುಲ್ಫ್ ಕಾವ್ಯದಲ್ಲಿ ಬರುತ್ತದೆ. ಹತ್ತನೆಯ ಶತಮಾನದ ಎಕ್ಸೆಟರ್ ಹಸ್ತಪ್ರತಿಯಲ್ಲಿ ಉಳಿದುಬಂದಿರುವ ‘ದಿ ಸೀಫೇರರ್’ ಎಂಬ ಕವನದಲ್ಲೂ ಬರುತ್ತದೆ. ಎರಡೂ ಕಡೆ ಅದು ಅಲೆಗಳ ಹೊರಳಾಟ. ಒಂದು ವಿಚಾರವನ್ನು ಮನಸ್ಸಿನಲ್ಲಿ ಹೊರಳಿಸಿ ನೋಡುವುದಕ್ಕೂ ಇದೇ ಕ್ರಿಯಾಪದ ಒದಗುತ್ತಿತ್ತು. ಕಾಲಿನ ಸುದ್ದಿ ಮಾತ್ರ ಅದರಲ್ಲಿ ಇರಲಿಲ್ಲ.

ಈಗ ಈ ಮಾತು ನಮ್ಮದೂ ಹೌದು. ‘ಅಪ್ಪ ವಾಕಿಂಗ್ ಹೋಗಿದ್ದಾರೆ’ ಎಂಬ ಮಾತು ಕೇಳದ ಬೀದಿ ನಮ್ಮ ಪೇಟೆಗಳಲ್ಲಿ ಇರಲಾರದು. ಡಾಕ್ಟರು ಮಾತ್ರೆ ಬರೆದುಕೊಟ್ಟ ಮೇಲೆ ‘ದಿನಾ ಅರ್ಧ ಗಂಟೆ ವಾಕ್ ಮಾಡಿ’ ಎನ್ನುತ್ತಾರೆ. ಬೆಂಗಳೂರಿನಲ್ಲಿ ರಸ್ತೆ ದಾಟುವ ಮೇಲ್ಸೇತುವೆಗೆ ಸ್ಕೈವಾಕ್ ಎಂದು ಹೆಸರು. ಕೆಲಸ ಹುಡುಕುವ ಹುಡುಗರಿಗೆ ವಾಕ್ ಇನ್ ಇಂಟರ್‌ವ್ಯೂ, ಪೊಲೀಸರ ಕೈಯಲ್ಲಿ ವಾಕಿ ಟಾಕಿ, ಮಂಡಿ ಆಪರೇಷನ್ ಆದ ಅಜ್ಜಿಗೆ ವಾಕರ್. ಆದರೂ ಕನ್ನಡ ಈ ಪದವನ್ನು ಇಡಿಯಾಗಿ ತೆಗೆದುಕೊಂಡಿಲ್ಲ, ಅದರ ಒಂದು ಎಳೆಯನ್ನಷ್ಟೇ ಬಿಡಿಸಿಕೊಂಡಿದೆ. ‘ನಡೆದುಕೊಂಡು ಹೋದೆ’ ಎಂದರೆ ತಲುಪಬೇಕಾದ ಒಂದು ಜಾಗವಿದೆ. ‘ವಾಕಿಂಗ್ ಹೋದೆ’ ಎಂದರೆ ಹೊರಟಲ್ಲಿಗೇ ವಾಪಸ್ಸು. ತಲೆ ಮೇಲೆ ಬುಟ್ಟಿ ಹೊತ್ತು ಸಂತೆಗೆ ನಡೆಯುವ ಹೆಂಗಸು ವಾಕಿಂಗ್ ಹೋಗುತ್ತಿದ್ದಾಳೆ ಎಂದು ಯಾರೂ ಹೇಳುವುದಿಲ್ಲ. ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ ಬರುವವರದ್ದೇ ವಾಕಿಂಗ್. ‘ಸುತ್ತು’ ಎಂಬ ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಹೊರಳುವ ಅಲೆಯ ಮಾತು ನಡೆಯುವ ಕಾಲಿನ ಮಾತಾದದ್ದು ಹೇಗೆ? ಇಂಗ್ಲಿಷ್ ನಿರುಕ್ತಿಯಲ್ಲಿ ಇದು ಹಳೆಯ ಸಮಸ್ಯೆ. ಕಷ್ಟವಿರುವುದು ದಾಖಲೆಯಲ್ಲಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಓದುಬರಹ ಬಹುಮಟ್ಟಿಗೆ ಲ್ಯಾಟಿನ್ ಮತ್ತು ಫ್ರೆಂಚಿಗೆ ಹೋಯಿತು. ಇಂಗ್ಲಿಷ್ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಬದುಕಿತೇ ಹೊರತು ಹಾಳೆಯ ಮೇಲೆ ತೀರ ವಿರಳವಾಯಿತು. ಮುಂದೆ 1200ರ ಆಸುಪಾಸಿನಲ್ಲಿ ಅದು ಮತ್ತೆ ಧಾರಾಳವಾಗಿ ಬರವಣಿಗೆಯಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ನಮ್ಮ ಪದ ಬೇರೆ ವೇಷದಲ್ಲಿದೆ. ಅದರ ಅರ್ಥ ಓಡಾಡು, ಅಲೆ, ಊರಿಂದೂರಿಗೆ ಹೋಗು ಎಂದಾಗಿದೆ. ಹದಿಮೂರನೆಯ ಶತಮಾನದಲ್ಲಿ ಹಾವೂ ‘ವಾಕ್’ ಮಾಡುತ್ತದೆ, ಕಾಲವೂ ‘ವಾಕ್’ ಮಾಡುತ್ತದೆ. ‘ಕಾಲಿನಿಂದ, ಓಡದೆ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು’ ಎಂಬ ಇಂದಿನ ಬಿಗಿ ಅರ್ಥ ಅದರ ಜೊತೆಜೊತೆಗೆ ಮೆಲ್ಲಗೆ ಗಟ್ಟಿಯಾಗುತ್ತದೆ. ಬದಲಾವಣೆ ನಡೆದದ್ದು ಬರಹವಿಲ್ಲದ ಕತ್ತಲಿನಲ್ಲಿ. ಆ ಕತ್ತಲಿಗೆ ದೀಪ ಹಿಡಿಯಲು ವಿದ್ವಾಂಸರು ಬೇರೆ ಬೇರೆ ಕಡೆಯಿಂದ ಹೊರಟಿದ್ದಾರೆ.

ಹೆಚ್ಚು ಜನಪ್ರಿಯವಾದದ್ದು ಬಟ್ಟೆ ತುಳಿಯುವವರ ಕಥೆ. ಉಣ್ಣೆಯ ಬಟ್ಟೆ ಮಗ್ಗದಿಂದ ಇಳಿದಾಗ ಸಡಿಲವಾಗಿರುತ್ತದೆ, ಕುರಿಯ ಜಿಡ್ಡು ಅದರಲ್ಲೇ ಇರುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ಜಿಡ್ಡು ಬಿಡಿಸುವ ಮಣ್ಣನ್ನೋ ಹಳಸಿದ ಮೂತ್ರವನ್ನೋ ಹಾಕಿ, ಗಂಟೆಗಟ್ಟಲೆ ಬರಿಗಾಲಿನಲ್ಲಿ ತುಳಿಯಬೇಕು. ಆಗ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ದಪ್ಪವಾಗುತ್ತದೆ, ಚಳಿಗಾಳಿ ತಡೆಯುತ್ತದೆ. ರೋಮನರ ಕಾಲದಿಂದಲೂ ಇದೊಂದು ಕಸುಬು. ಪಾಂಪೇಯಿಯ ಗೋಡೆಚಿತ್ರಗಳಲ್ಲಿ ತೊಟ್ಟಿಯೊಳಗೆ ನಿಂತು ಬಟ್ಟೆ ತುಳಿಯುವ ಆಳುಗಳನ್ನು ಇಂದಿಗೂ ನೋಡಬಹುದು. ಜರ್ಮನ್ ಭಾಷೆಯಲ್ಲಿ ಈ ಕೆಲಸಕ್ಕೆ ‘ವಾಲ್ಕೆನ್’ ಎನ್ನುತ್ತಾರೆ, ಡೇನಿಶ್‌ನಲ್ಲಿ ‘ವಾಲ್ಕೆ’. ಇಬ್ಬರೂ ‘ವೆಯಲ್ಕನ್’ನ ಒಡಹುಟ್ಟಿದವರು. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಿ ಹೆಂಗಸರು ಹಲಗೆಯ ಸುತ್ತ ಕೂತು, ಒದ್ದೆ ಬಟ್ಟೆಯನ್ನು ತಾಳಕ್ಕೆ ಸರಿಯಾಗಿ ಬಡಿಯುತ್ತ ಹಾಡುತ್ತಿದ್ದ ಹಾಡುಗಳಿಗೆ ‘ವಾಕಿಂಗ್ ಸಾಂಗ್ಸ್’ ಎಂದೇ ಹೆಸರು. ಬರೆಯುವಾಗ ಅದರಲ್ಲಿ ಒಂದು ಅಕ್ಷರ ಹೆಚ್ಚು, ಅಷ್ಟೇ. ನಮ್ಮ ಬೀಸುವ ಕಲ್ಲಿನ ಪದಗಳ ಹಾಗೆ, ದುಡಿಯುವ ಕೈಗಳೇ ಕಟ್ಟಿ ಹಾಡಿಕೊಂಡು ಬಂದ ಹಾಡುಗಳು ಅವು.

ಹಾಗೆ ಬಟ್ಟೆ ತುಳಿಯುವವನೇ ‘ವಾಕರ್’. ಇಂಗ್ಲೆಂಡಿನ ಅಡ್ಡಹೆಸರುಗಳಲ್ಲಿ ಈ ಕಸುಬು ನಕ್ಷೆ ಬಿಡಿಸಿದಂತೆ ಉಳಿದಿದೆ. ಆಗ್ನೇಯದಲ್ಲಿ ಈ ಕೆಲಸದವರು ಫುಲ್ಲರ್, ನೈಋತ್ಯದಲ್ಲಿ ಟಕ್ಕರ್, ಉತ್ತರಕ್ಕೂ ಪಶ್ಚಿಮಕ್ಕೂ ಹೋದರೆ ವಾಕರ್. 1185ರಲ್ಲಿ ಟೆಂಪ್ಲರ್ ಯೋಧಸಂನ್ಯಾಸಿಗಳು ತಮ್ಮ ಆಸ್ತಿಯ ಲೆಕ್ಕ ಬರೆಸಿದಾಗ ಯಾರ್ಕ್‌ಶೈರಿನ ಟೆಂಪಲ್ ನ್ಯೂಸಮ್‌ನಲ್ಲಿ ನೀರಿನ ಚಕ್ರದಿಂದ ಬಟ್ಟೆ ಕುಟ್ಟುವ ಗಿರಣಿ ದಾಖಲಾಯಿತು. ಕಾಲಿನ ಕೆಲಸವನ್ನು ಮರದ ಕೊಡತಿ ವಹಿಸಿಕೊಂಡಿತು. ಆದರೂ ಉತ್ತರದ ಜನ ಅದನ್ನು ‘ವಾಕ್ ಮಿಲ್’ ಎಂದೇ ಕರೆದರು. ಎಲಿಯನೋರಾ ಕೇರಸ್-ವಿಲ್ಸನ್ ಎಂಬ ಇತಿಹಾಸಕಾರ್ತಿ 1941ರ ಪ್ರಬಂಧವೊಂದರಲ್ಲಿ ಈ ಗಿರಣಿಗಳ ಹರಡುವಿಕೆಯನ್ನು ಹದಿಮೂರನೆಯ ಶತಮಾನದ ಕೈಗಾರಿಕಾ ಕ್ರಾಂತಿ ಎಂದೇ ಕರೆದರು. ಅಡ್ಡಹೆಸರಿನ ಮೂಲವಂತೂ ಜನರ ನೆನಪಿನಿಂದ ಜಾರಿಹೋಯಿತು. ಕಿಲ್ಮಾರ್ನಾಕ್‌ನ ದಿನಸಿ ವ್ಯಾಪಾರಿ ಜಾನ್ ವಾಕರ್ ಹೆಸರಿನ ವಿಸ್ಕಿಗೆ 1908ರಲ್ಲಿ ಟಾಮ್ ಬ್ರೌನ್ ಎಂಬ ಕಲಾವಿದ ಚಿತ್ರ ಬರೆದಾಗ ಮೂಡಿದ್ದು ಟೊಪ್ಪಿ ಹಾಕಿಕೊಂಡು ಬಿರುಸಾಗಿ ನಡೆಯುವ ಗಂಡಸು. ಹೆಸರಿನ ಹಿಂದೆ ಇದ್ದವನು ತೊಟ್ಟಿಯಲ್ಲಿ ನಿಂತಲ್ಲೇ ತುಳಿಯುತ್ತಿದ್ದ, ಅಂಗುಲವೂ ಮುಂದೆ ಸಾಗದ ಕೂಲಿಯಾಳು.

ತುಳಿಯುವ ಕಾಲಿನಿಂದ ನಡೆಯುವ ಕಾಲಿಗೆ ಅರ್ಥ ದಾಟಿತು ಎಂಬ ಈ ಕಥೆ ಕೇಳಲು ಚೆಂದ. ಅದಕ್ಕೆ ಸಾಮಾನ್ಯವಾಗಿ ಎತ್ತುವ ಆಕ್ಷೇಪವೆಂದರೆ, ಇಂಗ್ಲಿಷಿನಲ್ಲಿ ‘ಬಟ್ಟೆ ತುಳಿ’ ಎಂಬ ಅರ್ಥದ ಕ್ರಿಯಾಪದ ದಾಖಲಾಗಿರುವುದು ‘ನಡೆ’ ಎಂಬ ಅರ್ಥ ಬಂದ ಮೇಲೆ. ನನಗೆ ಈ ಆಕ್ಷೇಪ ಅಷ್ಟು ಬಲವಾಗಿ ಕಾಣುವುದಿಲ್ಲ. ಬಟ್ಟೆ ತುಳಿಯುವವನು ಎಂಬರ್ಥದ ‘ವೆಯಲ್ಕೆರೆ’ ಹಳೆಯ ಇಂಗ್ಲಿಷಿನ ಪದಪಟ್ಟಿಗಳಲ್ಲೇ ಇದೆ. ತುಳಿಯುವವನಿದ್ದ ಮೇಲೆ ತುಳಿತಕ್ಕೂ ಮಾತಿದ್ದಿರಲೇಬೇಕು. ಈ ಕಥೆಯ ನಿಜವಾದ ದೌರ್ಬಲ್ಯ ಬೇರೆಡೆ ಇದೆ. ಜರ್ಮನಿಯಲ್ಲಿ, ಹಾಲೆಂಡಿನಲ್ಲಿ, ಡೆನ್ಮಾರ್ಕಿನಲ್ಲೂ ಜನ ಇದೇ ಕಾಲುಗಳಿಂದ ಇದೇ ಉಣ್ಣೆ ಬಟ್ಟೆಯನ್ನು ಶತಮಾನಗಟ್ಟಲೆ ತುಳಿದರು, ಇದೇ ಪದವನ್ನು ಬಳಸಿದರು. ಅಲ್ಲಿ ಎಲ್ಲಿಯೂ ಅದು ನಡಿಗೆಯ ಮಾತಾಗಲಿಲ್ಲ. ತುಳಿತವೇ ಕಾರಣವಾಗಿದ್ದರೆ ಇಂಗ್ಲಿಷರ ಕಾಲಿಗೆ ಮಾತ್ರ ಆ ಶಕ್ತಿ ಎಲ್ಲಿಂದ ಬಂತು?

ಇನ್ನೊಂದು ವಿವರಣೆ ಖಾಲಿ ಜಾಗದ್ದು. ಹಳೆಯ ಇಂಗ್ಲಿಷಿನಲ್ಲಿ ನಡೆಯುವುದಕ್ಕೆ ‘ಗೋ’ ಎಂಬ ಮಾತೇ ಸಾಕಾಗಿತ್ತು. ಕುದುರೆಯ ಮೇಲೆ ಹೋಗುವವನು ‘ರೈಡ್’ ಮಾಡುತ್ತಿದ್ದ, ಕಾಲ್ನಡಿಗೆಯವನು ‘ಗೋ’ ಮಾಡುತ್ತಿದ್ದ. ಜರ್ಮನ್ನಿನ ‘ಗೇಯೆನ್’ಗೆ ಇಂದಿಗೂ ಈ ಎರಡೂ ಅರ್ಥಗಳಿವೆ. ಮುಂದೆ ‘ಗೋ’ ಎಲ್ಲ ಬಗೆಯ ಹೋಗುವಿಕೆಗೂ ಹಬ್ಬಿದಾಗ ಬರೀ ಕಾಲ್ನಡಿಗೆಗೆ ಪ್ರತ್ಯೇಕ ಮಾತು ಬೇಕಾಯಿತು, ಆ ಜಾಗಕ್ಕೆ ‘ವಾಕ್’ ಬಂತು ಎನ್ನುತ್ತಾರೆ. ಹೋಗುವುದರಿಂದಲೂ ಓಡುವುದರಿಂದಲೂ ಇಷ್ಟು ಸ್ಪಷ್ಟವಾಗಿ ಬೇರೆಯಾಗಿ ನಿಲ್ಲುವ ಇಂಥ ಪದ ಇತರ ಯುರೋಪಿಯನ್ ಭಾಷೆಗಳಲ್ಲಿ ಅಪರೂಪ ಎಂದು ಕಾರ್ಲ್ ಡಾರ್ಲಿಂಗ್ ಬಕ್ 1949ರ ತಮ್ಮ ಸಮಾನಾರ್ಥಕ ಕೋಶದಲ್ಲಿ ಗಮನಿಸಿದ್ದಾರೆ. ಕನ್ನಡಿಗರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಹೋಗು, ನಡೆ, ಓಡು ಎಂಬ ಮೂರೂ ನಮಗೆ ಮೊದಲಿನಿಂದ ಬೇರೆ ಬೇರೆಯೇ. ಆದರೆ ಖಾಲಿ ಜಾಗದ ವಾದವೂ ಪೂರ್ತಿ ನಿಲ್ಲುವುದಿಲ್ಲ. ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ‘ಪಿಲ್ಗ್ರಿಮ್ಸ್ ಪ್ರೋಗ್ರೆಸ್’ನಲ್ಲಿ ಕಡಿದಾದ ಗುಡ್ಡ ಹತ್ತುವ ಯಾತ್ರಿಕ ಓಟ ಬಿಟ್ಟು ನಡಿಗೆಗೆ ಇಳಿಯುವಾಗ ಆ ನಡಿಗೆಗೆ ಬಳಕೆಯಾದ ಮಾತು ‘ಗೋ’ ಎಂಬುದೇ. ‘ವಾಕ್’ ಬಂದು ನೂರಾರು ವರ್ಷ ಕಳೆದರೂ ಹಳಬ ಜಾಗ ಖಾಲಿ ಮಾಡಿರಲಿಲ್ಲ.

ಹಾಗಾದರೆ ಉಳಿದದ್ದು ಏನು? ಹೊರಳುವುದು ಸೀದಾ ಅಲೆಯುವುದಾಯಿತು, ಅಲೆಯುವುದು ನಡೆಯುವುದಾಯಿತು, ನಡುವೆ ಬಟ್ಟೆಯ ತೊಟ್ಟಿ ಬೇಕಿಲ್ಲ ಎಂಬ ಸರಳ ವಿವರಣೆ. ಆಡುಮಾತಿನಲ್ಲಿ ಹಾಗಾಗಿರಬಹುದು ಎಂದು ಇಂಗ್ಲಿಷ್ ನಿಘಂಟುಗಳು ಅರೆಮನಸ್ಸಿನಿಂದ ಹೇಳಿ ಮುಂದೆ ಹೋಗುತ್ತವೆ. ಈ ವಿವರಣೆಯೇ ಸರಿ ಎಂದು ನಾನು ನಂಬುತ್ತೇನೆ. ನಂಬಲು ಕಾರಣ ಕನ್ನಡ.

ನಮ್ಮ ‘ಅಲೆ’ಯನ್ನೇ ನೋಡಿ. ನಾಮಪದವಾದರೆ ಸಮುದ್ರದ ತೆರೆ. ಕ್ರಿಯಾಪದವಾದರೆ ಗೊತ್ತುಗುರಿಯಿಲ್ಲದೆ ತಿರುಗಾಡು. ಅಲೆದಾಟ, ಅಲೆಮಾರಿ, ಅಲೆದಲೆದು ಸುಸ್ತಾಗು ಎಲ್ಲವೂ ಆ ಒಂದೇ ಬೇರಿನವು. ತಮಿಳಿನ ‘ಅಲೈ’ಯಲ್ಲೂ ಇದೇ ಜೋಡಿ ಅರ್ಥವಿದೆ. ಎಕ್ಸೆಟರ್ ಹಸ್ತಪ್ರತಿಯ ಅಲೆ ಲಂಡನ್ನಿನ ಬೀದಿಯ ನಡಿಗೆಯಾದದ್ದು ಹೇಗೆಂದು ಇಂಗ್ಲಿಷ್ ವಿದ್ವಾಂಸರು ತಲೆ ಕೆಡಿಸಿಕೊಂಡರೆ, ದ್ರಾವಿಡ ಭಾಷೆಗಳಲ್ಲಿ ಎರಡೂ ಒಂದೇ ಮಾತಾಗಿ ಜನರ ಬಾಯಲ್ಲಿ ಇವತ್ತಿಗೂ ಇದೆ. ‘ತಿರುಗು’ ಎಂಬುದೂ ಹಾಗೆಯೇ. ಚಕ್ರವೂ ತಿರುಗುತ್ತದೆ, ಊರೂರು ಸುತ್ತುವವನೂ ತಿರುಗುತ್ತಾನೆ. ಕರಾವಳಿಯ ಯಕ್ಷಗಾನ ಮೇಳಗಳು ಮಳೆಗಾಲ ಮುಗಿದ ಮೇಲೆ ಹೊರಟು ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗಿನ ಇಡೀ ಹಂಗಾಮಿಗೆ ‘ತಿರುಗಾಟ’ ಎಂದೇ ಹೆಸರು. ‘ಸುತ್ತು’ ಎಂಬ ಮಾತು ದಾರವನ್ನು ಸುತ್ತುವುದರಿಂದ ಹೊರಟು ಪೇಟೆ ಸುತ್ತುವುದಕ್ಕೆ ಬಂದಿದೆ. ಸಂಸ್ಕೃತದ ‘ಭ್ರಮಣ’ ಬುಗುರಿಯದ್ದೂ ಹೌದು, ಯಾತ್ರಿಕನದ್ದೂ ಹೌದು. ಹಿಂದಿಯವರು ‘ಘೂಮ್‌ನಾ’ ಎಂದಾಗ ಫ್ಯಾನು ತಿರುಗುತ್ತಿದೆಯೋ ಮನೆಯವರು ಹೊರಗೆ ಸುತ್ತಾಡಲು ಹೋದರೋ ಎಂಬುದು ಸಂದರ್ಭದಿಂದ ತಿಳಿಯಬೇಕು.

ಇಂಗ್ಲಿಷಿನೊಳಗೇ ಇದಕ್ಕೆ ಸಾಕ್ಷಿಯಿದೆ. ‘ಗೋ’ ಎಂಬುದರ ಭೂತಕಾಲದ ರೂಪ ‘ವೆಂಟ್’ ಏಕೆ ಎಂದು ಶಾಲೆಯಲ್ಲಿ ಕೇಳಿ, ‘ಅದು ಹಾಗೇ’ ಎಂಬ ಉತ್ತರ ಪಡೆದವರು ನಮ್ಮಲ್ಲಿ ಬಹಳ ಜನ. ಅದು ‘ವೆಂಡ್’ ಎಂಬ ಇನ್ನೊಂದು ಕ್ರಿಯಾಪದದಿಂದ ಎರವಲು ಬಂದ ರೂಪ. ‘ವೆಂಡ್’ನ ಮೂಲ ಅರ್ಥ ತಿರುಗಿಸು. ಸುತ್ತು ಎಂಬ ಅರ್ಥದ ‘ವೈಂಡ್’, ಅಲೆ ಎಂಬ ಅರ್ಥದ ‘ವಾಂಡರ್’ ಅದೇ ಬಳಗದವು. ತಿರುಗುವುದರಿಂದ ಹೋಗುವುದಕ್ಕೆ ದಾಟಿದ ಮಾತು ಇಂಗ್ಲಿಷರ ಬಾಯಲ್ಲೇ ಇರುವಾಗ ‘ವಾಕ್’ಗೆ ಮಾತ್ರ ಬೇರೆ ಏಣಿ ಹುಡುಕುವುದೇಕೆ? ಬಟ್ಟೆ ತುಳಿಯುವವರು ಆ ಅರ್ಥಕ್ಕೆ ಒಂದಿಷ್ಟು ಒತ್ತು ಕೊಟ್ಟಿರಬಹುದು, ‘ಗೋ’ ಅಗಲವಾಗಿ ಹಬ್ಬಿದ್ದು ಜಾಗ ಮಾಡಿಕೊಟ್ಟಿರಬಹುದು. ಅವು ನೆರವಾದವು ಎನ್ನೋಣ. ದಾರಿ ತೋರಿದ್ದು ಅವಲ್ಲ.

ಇನ್ನೂ ಹಿಂದಕ್ಕೆ ಹೋದರೆ ಹೆಚ್ಚಿನ ವಿದ್ವಾಂಸರು ಈ ಪದವನ್ನು ‘ತಿರುಗು, ಹೊರಳು’ ಎಂಬ ಅರ್ಥದ ‘ವೆಲ್’ ಎಂಬ ಇಂಡೋ-ಯುರೋಪಿಯನ್ ಧಾತುವಿಗೆ ಸೇರಿಸುತ್ತಾರೆ. ಅದು ಸರಿಯಾದರೆ ಸುರುಳಿ ಹೊತ್ತಗೆಯಿಂದ ಬಂದ ‘ವಾಲ್ಯೂಮ್’, ಸುತ್ತುತ್ತ ಕುಣಿಯುವ ‘ವಾಲ್ಟ್ಸ್’, ಗುಂಡಿನ ಉರುಳೆ ತಿರುಗುವ ‘ರಿವಾಲ್ವರ್’ ಎಲ್ಲವೂ ‘ವಾಕ್’ನ ದಾಯಾದಿಗಳು. ಸಂಸ್ಕೃತದ ‘ವಲಯ’ವನ್ನೂ ಈ ಸಾಲಿಗೆ ಎಳೆದು ತರುವವರಿದ್ದಾರೆ. ಇಲ್ಲಿ ನಾವು ಕನ್ನಡಿಗರು ತುಸು ನಿಲ್ಲಬೇಕು. ತಮಿಳಿನ ‘ವಳೈ’, ಕನ್ನಡದ ‘ಬಳೆ’, ಸುತ್ತಿಬಳಸಿ ಮಾತಾಡುವಾಗಿನ ‘ಬಳಸು’ ಇವುಗಳ ಸಂಸಾರ ದೊಡ್ಡದು. ‘ವಲಯ’ ಸಂಸ್ಕೃತಕ್ಕೆ ಹೋದದ್ದೇ ದ್ರಾವಿಡದಿಂದ ಎಂಬ ವಾದಕ್ಕೂ ಬಲವಿದೆ. ಸದ್ದು ಹೋಲಿತೆಂದು ನೆಂಟಸ್ತಿಕೆ ಕಟ್ಟಿದರೆ ನಿರುಕ್ತಿ ಹಾದಿ ತಪ್ಪುತ್ತದೆ.

ಪದದ ಮೈಯೂ ಈ ಪಯಣದಲ್ಲಿ ಸವೆದಿದೆ. ಅದರ ಹಳೆಯ ಭೂತರೂಪ ‘ವೆಯೊಲ್ಕ್’, ಮಧ್ಯಯುಗದಲ್ಲಿ ‘ವೆಲ್ಕ್’. ಆಮೇಲೆ ಎಲ್ಲ ಸಾಮಾನ್ಯ ಕ್ರಿಯಾಪದಗಳ ಹಾಗೆ ‘ವಾಕ್ಡ್’ ಆಯಿತು. ಬರವಣಿಗೆಯಲ್ಲಿ ಉಳಿದ ‘ಲ’ಕಾರ ಬಾಯಿಂದ ಬಿದ್ದುಹೋಯಿತು.

ಅರ್ಥದ ಕೊಂಬೆಗಳಲ್ಲಿ ಕೆಲವನ್ನು ಹೆಸರಿಸಿದರೆ ಸಾಕು. ಕುರಿ ಮೇಯುವ ಬಯಲು, ಹಗ್ಗ ಹೊಸೆಯುವವರು ಹಿಂದೆ ಹಿಂದೆ ಸರಿಯುತ್ತ ಹೋಗುವ ಉದ್ದನೆಯ ಚಪ್ಪರ, ಪೋಸ್ಟ್‌ಮನ್ನಿನ ದಿನದ ಪಾಳಿಯ ಬೀದಿಗಳು, ಬದುಕಿನ ಕಸುಬು ಎಲ್ಲಕ್ಕೂ ಇಂಗ್ಲಿಷಿನಲ್ಲಿ ಈ ಮಾತಿದೆ. ಹಾಗೆಂದು ‘ರನ್’ನ ಶ್ರೀಮಂತಿಕೆ ಇದಕ್ಕಿಲ್ಲ. ಆಕ್ಸ್‌ಫರ್ಡ್ ನಿಘಂಟಿನ ಪೀಟರ್ ಗಿಲಿವರ್ ‘ರನ್’ ಕ್ರಿಯಾಪದವನ್ನು ಪರಿಷ್ಕರಿಸಲು ಒಂಬತ್ತು ತಿಂಗಳು ತೆಗೆದುಕೊಂಡು 645 ಅರ್ಥಗಳನ್ನು ಗುರುತಿಸಿದರು. ಇಂಗ್ಲಿಷಿನಲ್ಲಿ ಯಂತ್ರವೂ ಅಂಗಡಿಯೂ ಸರ್ಕಾರವೂ ಓಡುತ್ತವೆ; ನಮ್ಮಲ್ಲಿ ಅವೆಲ್ಲ ನಡೆಯುತ್ತವೆ. ‘ನಡೆ’ಯಿಂದ ನಡತೆ ಹುಟ್ಟಿತು, ನಡವಳಿಕೆ ಹುಟ್ಟಿತು, ನುಡಿದಂತೆ ನಡೆ ಎಂಬ ಕಟ್ಟಳೆ ಹುಟ್ಟಿತು. ಇಂಗ್ಲಿಷಿನ ‘ವಾಕ್’ಗೆ ನಡತೆಯ ಅರ್ಥ ಬೈಬಲ್ ಅನುವಾದಗಳ ಮೂಲಕ ಬಲವಾಗಿ ಬಂತು. ನಡೆ ಎಂಬ ಅರ್ಥದ ‘ಹಾಲಖ್’ ಎಂಬ ಹೀಬ್ರೂ ಮಾತಿನಿಂದಲೇ ಯಹೂದ್ಯರ ಧರ್ಮನಿಯಮಕ್ಕೆ ‘ಹಲಾಖಾ’ ಎಂಬ ಹೆಸರು ಬಂದಿದೆ.

ದೆವ್ವಗಳ ವಿಚಾರ ಬೇರೆ. ಇಂಗ್ಲಿಷಿನಲ್ಲಿ ಸತ್ತವರು ರಾತ್ರಿ ಹೊತ್ತು ‘ವಾಕ್’ ಮಾಡುತ್ತಾರೆ; ಹ್ಯಾಮ್ಲೆಟ್‌ನ ತಂದೆಯ ಪ್ರೇತದ ಗತಿಯೂ ಅದೇ. ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ಫ್ಯಾಂಟಮ್‌ನ ‘ನಡೆದಾಡುವ ಭೂತ’ ಎಂಬ ಬಿರುದು ಗೊತ್ತು. ಅವನ ಮನೆತನದ ಹೆಸರೂ ವಾಕರ್. ಕನ್ನಡದಲ್ಲಿ ಪ್ರೇತ ಏನು ಮಾಡುತ್ತದೆ? ಅಲೆಯುತ್ತದೆ. ತಳವಿಲ್ಲದೆ, ನೆಲೆಯಿಲ್ಲದೆ ತೂಗಾಡುವುದು ಎಂಬ ಆ ಹಳೆಯ ಅರ್ಥ ಎರಡೂ ಭಾಷೆಗಳಲ್ಲಿ ಒಂದೇ ಜಾಗದಲ್ಲಿ ಬದುಕಿದೆ.

ನಡಿಗೆ ಎಂದರೆ ಏನೆಂಬುದನ್ನು ಬಿಗಿಯಾಗಿ ಹೇಳಲು ಹೊರಟವರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಮುಖ್ಯರು. 1755ರ ತಮ್ಮ ನಿಘಂಟಿನಲ್ಲಿ ಅವರು ಕೊಟ್ಟ ವಿವರಣೆಯ ತಿರುಳು ಇಷ್ಟು: ಒಂದು ಕಾಲು ಊರಿದ ಮೇಲೆಯೇ ಇನ್ನೊಂದು ಮೇಲೇಳಬೇಕು. ಇಂದು ನಡಿಗೆ ಸ್ಪರ್ಧೆಯ ತೀರ್ಪುಗಾರರು ನೋಡುವುದೂ ಇದನ್ನೇ. ಎರಡೂ ಪಾದ ನೆಲ ಬಿಟ್ಟದ್ದು ಕಣ್ಣಿಗೆ ಕಂಡರೆ ಅದು ನಡಿಗೆಯಲ್ಲ. ಕ್ರಿಕೆಟ್ಟಿನ ‘ವಾಕ್’ಗೆ ಮಾತ್ರ ನಡತೆಯ ನಂಟು. ಅಂಪೈರ್ ಬೆರಳೆತ್ತುವ ಮೊದಲೇ, ತಾನು ಔಟೆಂದು ಗೊತ್ತಿರುವ ಬ್ಯಾಟ್ಸ್‌ಮನ್ ಪೆವಿಲಿಯನ್ ಕಡೆ ಹೊರಡುವುದು ಅದು. 2003ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಶ್ರೀಲಂಕಾ ವಿರುದ್ಧ ಆಡಂ ಗಿಲ್‌ಕ್ರಿಸ್ಟ್ ಹಾಗೆ ಹೊರಟದ್ದನ್ನು ನೋಡಿದವರು ಮರೆತಿರಲಾರರು.

ಕಳೆದ ಶತಮಾನದಲ್ಲಿ ವಿಜ್ಞಾನಕ್ಕೆ ಹೋದ ‘ವಾಕ್’ ಇನ್ನೂ ಕುತೂಹಲದ್ದು. ಸೈನ್ಯದ ವೈದ್ಯ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದಾಗ ನೀರು ನಿಲ್ಲದಂತೆ ನೋಡಿಕೊಂಡರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನು ಗಮನಿಸಿದ್ದರು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡ ಮೇಲೆ ಅವರನ್ನು ಕಾಡಿದ ಪ್ರಶ್ನೆ ಲೆಕ್ಕದ್ದು. ಒಂದು ಜಾಗದ ಸೊಳ್ಳೆಗಳನ್ನು ತೊಲಗಿಸಿದರೆ ಸುತ್ತಲಿನವು ಎಷ್ಟು ದೂರ ಒಳಕ್ಕೆ ಬಂದಾವು? ಈ ಪ್ರಶ್ನೆ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಬಳಿಗೆ ಹೋಯಿತು. 1905ರ ಜುಲೈನಲ್ಲಿ ಅವರು ‘ನೇಚರ್’ ಪತ್ರಿಕೆಗೆ ಬರೆದ ಪುಟ್ಟ ಪತ್ರದಲ್ಲಿ ‘ರ್‍ಯಾಂಡಮ್ ವಾಕ್’ ಎಂಬ ಹೆಸರು ಬಂತು. ಒಬ್ಬ ಮನುಷ್ಯ ಇಷ್ಟು ಗಜ ನೇರ ನಡೆದು, ಮನಸ್ಸು ಬಂದ ಕಡೆ ತಿರುಗಿ, ಮತ್ತೆ ಅಷ್ಟೇ ಗಜ ನಡೆದು, ಹೀಗೆ ಹಲವು ಸಲ ಮಾಡಿದರೆ ಕೊನೆಗೆ ಎಲ್ಲಿರುತ್ತಾನೆ ಎಂಬುದು ಅವರ ಸಮಸ್ಯೆ. ಲಾರ್ಡ್ ರೇಲೀ ಸದ್ದಿನ ಕಂಪನಗಳ ಬಗ್ಗೆ ತಾವು ಹಿಂದೆ ಮಾಡಿದ್ದ ಲೆಕ್ಕದಿಂದ ಉತ್ತರ ಕೊಟ್ಟರು. ಕುಡಿದು ತೂರಾಡುವವನನ್ನು ಹುಡುಕಬೇಕಾದರೆ ಅವನು ಹೊರಟ ಜಾಗದ ಹತ್ತಿರವೇ ಹುಡುಕುವುದು ಮೇಲು ಎಂಬುದು ಪಿಯರ್ಸನ್ ತೆಗೆದ ಸಾರ. ನಮ್ಮ ಪಠ್ಯಗಳಲ್ಲಿ ಇದಕ್ಕೆ ‘ಯಾದೃಚ್ಛಿಕ ನಡಿಗೆ’ ಎಂಬ ಭಾರವಾದ ಹೆಸರಿದೆ. ‘ಅಲೆದಾಟ’ ಎಂದರೆ ಹೈಸ್ಕೂಲಿನ ಮಗುವಿಗೂ ಕಣ್ಣಿಗೆ ಕಟ್ಟುತ್ತದೆ. ಆ ಹೆಸರನ್ನೇ ಬಳಸಬೇಕೆಂದು ನನ್ನ ಆಸೆ.

ಆಮೇಲೆ ನೆಲವೇ ಇಲ್ಲದ ನಡಿಗೆ ಬಂತು. 1965ರ ಮಾರ್ಚ್ 18ರಂದು ಅಲೆಕ್ಸಿ ಲಿಯೊನೊವ್ ವಸ್ಖೋದ್-2 ನೌಕೆಯಿಂದ ಹೊರಬಂದು ಹಗ್ಗದ ತುದಿಯಲ್ಲಿ ಸುಮಾರು 12 ನಿಮಿಷ ತೇಲಿದರು. ರಷ್ಯನ್ನರು ಅದನ್ನು ‘ತೆರೆದ ಅಂತರಿಕ್ಷಕ್ಕೆ ಹೊರಬರುವುದು’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಇಂಗ್ಲಿಷರು ‘ಸ್ಪೇಸ್‌ವಾಕ್’ ಎಂದರು, ನಮ್ಮ ಪತ್ರಿಕೆಗಳು ‘ಬಾಹ್ಯಾಕಾಶ ನಡಿಗೆ’ ಎಂದು ಬರೆದವು. ಜಾನ್ಸನ್ನರ ಲೆಕ್ಕದಲ್ಲಿ ಅದು ನಡಿಗೆಯೇ ಅಲ್ಲ. ಸೀಫೇರರ್ ಬರೆದ ಹೆಸರಿಲ್ಲದ ಕವಿ ಇದ್ದಿದ್ದರೆ, ಆಧಾರವಿಲ್ಲದ ಹರವಿನಲ್ಲಿ ಹೊರಳುವ ಆ ದೇಹವನ್ನು ಕಂಡು, ಇದಕ್ಕಿಂತ ಸರಿಯಾದ ಮಾತು ಬೇರೆ ಇಲ್ಲ ಎನ್ನುತ್ತಿದ್ದನೋ ಏನೋ.

ಇತ್ತ ಜರ್ಮನಿಯಲ್ಲಿ ಒಂದು ಹೊಸ ಸಂಗತಿ ನಡೆದಿದೆ. ಆರೋಗ್ಯಕ್ಕಾಗಿ ಬಿರುಸಾಗಿ ನಡೆಯುವ ರೂಢಿ ಅಲ್ಲಿಗೂ ಹರಡಿದಾಗ ಜನ ಇಂಗ್ಲಿಷಿನ ಪದವನ್ನೇ ತಂದು ತಮ್ಮ ಕ್ರಿಯಾಪದದ ಬಾಲ ಅಂಟಿಸಿದರು. ಈಗ ಜರ್ಮನ್ ನಿಘಂಟಿನಲ್ಲಿ ಒಂದೇ ಕಾಗುಣಿತದ ಎರಡು ಪದಗಳು ಒತ್ತಾಗಿ ನಿಂತಿವೆ. ಒಂದನ್ನು ‘ವಾಲ್ಕೆನ್’ ಎಂದು ಓದಬೇಕು, ಅದು ಉಣ್ಣೆ ಬಟ್ಟೆಯನ್ನು ನಾದಿ ಗಟ್ಟಿಮಾಡುವುದು. ಇನ್ನೊಂದನ್ನು ‘ವಾಕೆನ್’ ಎಂದು ಓದಬೇಕು, ಅದು ನಮ್ಮ ಪಾರ್ಕಿನವರು ಬೆಳಗ್ಗೆ ಹೋಗುವ ವಾಕಿಂಗ್.